ಸ್ಟೆಮ್ ಸೆಲ್‌ನಿಂದ ರಕ್ತದ ಕೋಶ ಬೆಳೆಸುವುದು: ಮಲೆನಾಡಿನ ಲ್ಯಾಬಿಗೆ ಒಂದು ಕೈಪಿಡಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹನ್ನೆರಡನೇ ದಿನ ಪ್ಲೇಟಿನಲ್ಲಿ ರಕ್ತದ ಕೋಶ ಕಾಣುತ್ತದೋ ಇಲ್ಲವೋ ಅನ್ನುವುದು ಪ್ರಯೋಗ ಶುರು ಮಾಡುವ ಹಿಂದಿನ ದಿನವೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ. ಗದ್ದೆ ಮಾಡುವ ಮನೆಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಸಿಮಡಿ ಕೆಟ್ಟರೆ ಆಮೇಲೆ ಗದ್ದೆಗೆ ಎಷ್ಟು ಗೊಬ್ಬರ ಸುರಿದರೂ ಅಷ್ಟೇ, ಅಲ್ವಾ? ಶಿವಮೊಗ್ಗದಲ್ಲಿ ನಮ್ಮ ಲ್ಯಾಬಿಗೆ ಪ್ರಾಜೆಕ್ಟ್ ಮಾಡಲು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮಕ್ಕಳು ಬರುತ್ತಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: "ಮೇಡಂ, ಯಾವ ಗ್ರೋತ್ ಫ್ಯಾಕ್ಟರ್ ಎಷ್ಟು ಹಾಕಬೇಕು?" ಕೋಶ ಏನಾಗಬೇಕು ಅಂತ ಹೇಳುವ ಆ ಪ್ರೋಟೀನುಗಳ ಲೆಕ್ಕ ಪ್ರೋಟೋಕಾಲಿನಲ್ಲಿ, ಅಂದರೆ ಪ್ರಯೋಗದ ಕ್ರಮ ಬರೆದ ಹಾಳೆಯಲ್ಲಿ, ಇದ್ದೇ ಇರುತ್ತದೆ. ಅಲ್ಲಿ ಬರೆಯದೆ ಬಿಟ್ಟಿದ್ದೇ ಜಾಸ್ತಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾವ ಸೆಲ್, ಯಾಕೆ ಬೇಕು

ಮೈಯ ಯಾವ ಬಗೆಯ ಕೋಶ ಬೇಕಾದರೂ ಆಗಬಲ್ಲ ಕೋಶಕ್ಕೆ ಪ್ಲುರಿಪೊಟೆಂಟ್ ಸ್ಟೆಮ್ ಸೆಲ್ ಅನ್ನುತ್ತಾರೆ. ಇದರಲ್ಲಿ ಎರಡು ಥರ. ಒಂದು ಭ್ರೂಣದಿಂದ ತೆಗೆದದ್ದು, ಮನುಷ್ಯರದ್ದನ್ನು 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ಮೊದಲು ಬೆಳೆಸಿದರು. ನಮ್ಮ ಬೆಂಗಳೂರಿನ ಸಂಶೋಧನಾ ಸಂಸ್ಥೆ ಜೆಎನ್‌ಸಿಎಎಸ್‌ಆರ್‌ನಲ್ಲೂ ಬಿಜೆಎನ್‌ಹೆಮ್19, ಬಿಜೆಎನ್‌ಹೆಮ್20 ಅನ್ನುವ ಎರಡು ಲೈನ್ (ಒಂದೇ ಮೂಲದಿಂದ ಬೆಳೆಸುತ್ತಾ ಬಂದ ಕೋಶದ ತಳಿ) ಬೆಳೆಸಿದ್ದಾರೆ. ಇನ್ನೊಂದು ಐಪಿಎಸ್ ಸೆಲ್. ದೊಡ್ಡವರ ಚರ್ಮದ್ದೋ ರಕ್ತದ್ದೋ ಕೋಶ ತೆಗೆದು ಅದನ್ನು ಮತ್ತೆ ಎಳೆಯ ಸ್ಥಿತಿಗೆ ತಿರುಗಿಸಿದ್ದು. ಜಪಾನಿನ ಶಿನ್ಯಾ ಯಮನಾಕ ನಾಲ್ಕೇ ಜೀನ್ ಬಳಸಿ 2006ರಲ್ಲಿ ಇಲಿಯ ಕೋಶದಲ್ಲಿ, 2007ರಲ್ಲಿ ಮನುಷ್ಯರ ಕೋಶದಲ್ಲಿ ಇದನ್ನು ಮಾಡಿ ತೋರಿಸಿದರು. 2012ರಲ್ಲಿ ಜಾನ್ ಗರ್ಡನ್ ಜೊತೆ ನೊಬೆಲ್ ಬಂತು. ಹೊಸದಾಗಿ ಶುರು ಮಾಡುವವರು ಐಪಿಎಸ್ ಲೈನ್ ತರಿಸಿಕೊಳ್ಳಿ. ಭ್ರೂಣದ ಪ್ರಶ್ನೆ ಬರುವುದಿಲ್ಲ, ಮತ್ತೆ ಒಬ್ಬ ರೋಗಿಯದೇ ಜೀನ್ ಇರುವ ರಕ್ತದ ಕೋಶ ಬೇಕಾದರೆ ಇದೇ ದಾರಿ.

ನನಗೆ ಈ ಕೆಲಸ ಹಿಡಿಸಿದ್ದಕ್ಕೆ ಕಾರಣ ನಮ್ಮ ಊರಿನದ್ದೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆ ಈಗಲೂ ಬೇಸಿಗೆ ಬಂತೆಂದರೆ ಮನೆಮನೆಯ ಚಿಂತೆ. ಉಣುಗು ಕಚ್ಚಿ ಜ್ವರ ಬಂದವರಲ್ಲಿ ಪ್ಲೇಟ್‌ಲೆಟ್ಟೂ ಬಿಳಿರಕ್ತಕಣವೂ ಕುಸಿಯುತ್ತವೆ. ಅಂಥ ಕಡೆ ಹುಟ್ಟಿ ಬೆಳೆದವರಿಗೆ ರಕ್ತದ ಕೋಶ ಹೇಗೆ ಹುಟ್ಟುತ್ತದೆ ಅಂತ ಕಣ್ಣಾರೆ ನೋಡಬೇಕು ಅನ್ನಿಸುವುದು ಸಹಜ. ಆದರೆ ಆ ವೈರಸ್ಸನ್ನು ನಮ್ಮಂಥ ಲ್ಯಾಬಿನಲ್ಲಿ ಮುಟ್ಟುವ ಹಾಗೇ ಇಲ್ಲ. ಅದಕ್ಕೆ ಪುಣೆಯ ವೈರಾಣು ಸಂಸ್ಥೆಯಲ್ಲಿರುವಂಥ ಅತಿ ಹೆಚ್ಚಿನ ಭದ್ರತೆಯ ಲ್ಯಾಬೇ ಬೇಕು. ನಾವು ಕಲಿಯಬಹುದಾದದ್ದು ಆರೋಗ್ಯವಂತ ಕೋಶ ಬೆಳೆಸುವುದನ್ನು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಪ್ಲೇಟಿನಲ್ಲಿ ಬೆಳೆದ ಈ ಕೋಶ ಸಂಶೋಧನೆಗೆ ಮಾತ್ರ. ಹಿಮೋಗ್ಲೋಬಿನ್ ಸರಿಯಾಗಿ ಆಗದ ಥಲಸ್ಸೇಮಿಯಾ ಕಾಯಿಲೆ ಇರುವ ಮಗುವಿನ ಅಪ್ಪ ಅಮ್ಮ ಫೋನ್ ಮಾಡಿ "ನಮ್ಮ ಮಗೂಗೆ ಇದನ್ನ ಹಾಕಬಹುದಾ" ಅಂತ ಕೇಳಿದಾಗ ಹೊಟ್ಟೆ ಹಿಂಡಿದ ಹಾಗಾಗುತ್ತದೆ. ನಮ್ಮಲ್ಲಿ ಅಂಥ ಮಗು ವಾಸಿಯಾಗಲು ಇರುವ ಮುಖ್ಯ ದಾರಿ ಹೊಂದುವ ದಾನಿಯಿಂದ ಅಸ್ಥಿಮಜ್ಜೆ ಕಸಿ. ಯಾರಾದರೂ ದುಡ್ಡು ತೆಗೆದುಕೊಂಡು "ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟು ಎಲ್ಲ ವಾಸಿ ಮಾಡ್ತೀವಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಕಾಗದಪತ್ರ ಚಿಕ್ಕ ಕೆಲಸ, ಆದರೆ ಮೊದಲು ಮುಗಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2017ರಲ್ಲಿ ಸ್ಟೆಮ್ ಸೆಲ್ ಸಂಶೋಧನೆಗೆ ರಾಷ್ಟ್ರೀಯ ಮಾರ್ಗಸೂಚಿ ತಂದಿವೆ. ಅದರ ಪ್ರಕಾರ ಸಂಸ್ಥೆಯಲ್ಲಿ ಸ್ಟೆಮ್ ಸೆಲ್ ಸಮಿತಿ ಇರಬೇಕು, ಕೆಲಸ ಅದರ ಮುಂದೆ ಹೋಗಬೇಕು. ಕೋಶ ಎಲ್ಲಿಂದ ಬಂತು, ಕೊಟ್ಟವರು ಒಪ್ಪಿಗೆ ಕೊಟ್ಟಿದ್ದಾರಾ ಅನ್ನುವ ದಾಖಲೆ ಕೈಯಲ್ಲಿರಲಿ.

ಮಳೆ, ಕರೆಂಟು, ಬೂಷ್ಟು

ಬೇರೆ ಊರಿನ ಪ್ರೋಟೋಕಾಲುಗಳಲ್ಲಿ ಇದು ಇರುವುದಿಲ್ಲ, ಆದರೆ ನಮ್ಮಲ್ಲಿ ಅರ್ಧ ಕೆಲಸ ಇದೇ. ಆರಿದ್ರಾ ಮಳೆ ಹಿಡಿದ ಮೇಲೆ ಗೋಡೆಯೂ ಬೆವರುತ್ತದೆ, ಚಪ್ಪಲಿಗೂ ಬೂಷ್ಟು ಬರುತ್ತದೆ. ಅದೇ ಬೂಷ್ಟಿನ ಬೀಜ ಗಾಳಿಯಲ್ಲಿ ತೇಲಿ ಬಂದು ಕೋಶ ಬೆಳೆಸುವ ಬಿಸಿ ಪೆಟ್ಟಿಗೆ ಇನ್ಕ್ಯುಬೇಟರಿನ ಒಳಗೆ ಕೂರುತ್ತದೆ. ಅಲ್ಲಿ 37 ಡಿಗ್ರಿ ಬಿಸಿ, ತುಂಬಾ ತೇವ, ಊಟಕ್ಕೆ ಸಕ್ಕರೆ ತುಂಬಿದ ಮೀಡಿಯಾ, ಅಂದರೆ ಕೋಶಕ್ಕೆ ಹಾಕುವ ಪೋಷಕ ದ್ರವ. ಅದಕ್ಕೆ ಇನ್ನೇನು ಬೇಕು?

ಕಲ್ಚರ್ ರೂಮಿಗೆ ರಟ್ಟಿನ ಡಬ್ಬ ತರಲೇಬೇಡಿ. ಮಳೆಗಾಲದಲ್ಲಿ ರಟ್ಟು ಅಂದರೆ ಬೂಷ್ಟಿನ ಮನೆ. ಪಿಪೆಟ್, ಪ್ಲೇಟುಗಳ ಪ್ಲಾಸ್ಟಿಕ್ ಕವರನ್ನು ಹೊರಗೇ ರಟ್ಟಿನಿಂದ ಬಿಡಿಸಿ, ಒರೆಸಿ, ಆಮೇಲೆ ಒಳಗೆ ತನ್ನಿ. ಒದ್ದೆ ಛತ್ರಿ, ಜರ್ಕಿನ್, ಅಡಿಕೆ ಸುಲಿದು ಬಂದ ಅಂಗಿ ಎಲ್ಲ ಹೊರಗೆ. 70 ಪರ್ಸೆಂಟ್ ಆಲ್ಕೋಹಾಲಿನಲ್ಲಿ ಎಲ್ಲವನ್ನೂ ಒರೆಸುತ್ತೇವೆ, ಸರಿ, ಆದರೆ ಅದು ಬೂಷ್ಟಿನ ಬೀಜವನ್ನು ಪೂರ್ತಿ ಕೊಲ್ಲುವುದಿಲ್ಲ. ವಾರಕ್ಕೊಮ್ಮೆಯಾದರೂ ನೆಲ, ಮೇಜಿಗೆ ಹೈಪೋಕ್ಲೋರೈಟ್ (ಬ್ಲೀಚ್) ಹಾಕಿ ಒರೆಸಬೇಕು. ಇನ್ಕ್ಯುಬೇಟರಿನ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ತೊಳೆದು, ಆಟೋಕ್ಲೇವ್ ಮಾಡಿದ, ಅಂದರೆ ಒತ್ತಡದ ಹಬೆಯಲ್ಲಿ ಕಾಯಿಸಿದ ನೀರು ತುಂಬಿ. ಆಂಟಿಬಯೋಟಿಕ್ ಹಾಕಿ ನೆಮ್ಮದಿಯಾಗಿರೋಣ ಅನ್ನುವ ಆಸೆ ಬೇಡ. ಅದು ಸಣ್ಣ ಸೋಂಕನ್ನು ಮುಚ್ಚಿಡುತ್ತದೆ. ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಮೀಡಿಯಾವನ್ನು ಕದಡಿಸದೆ, ಮಾಮೂಲಿ ಮೈಕ್ರೋಸ್ಕೋಪಿಗೂ ಕಾಣದೆ ತಿಂಗಳುಗಟ್ಟಲೆ ಕೂತಿರುತ್ತದೆ. ತಿಂಗಳಿಗೊಮ್ಮೆ ಅದರ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿ.

ಕರೆಂಟಿನ ವಿಷಯ. ಗಾಳಿ ಮಳೆಗೆ ಮರ ಬಿದ್ದು ಲೈನ್ ಹರಿದರೆ ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ. ಇನ್ಕ್ಯುಬೇಟರಿಗೆ ಪ್ರತ್ಯೇಕ ಯುಪಿಎಸ್ ಕೊಡಿ, ಅದಕ್ಕೆ ಬೇರೆ ಏನನ್ನೂ ಸಿಕ್ಕಿಸಬೇಡಿ. ಕರೆಂಟು ಹೋದಾಗ ಬಾಗಿಲು ತೆಗೆದು ಇಣುಕಬೇಡಿ, ಮುಚ್ಚಿದ್ದರೆ ಬಿಸಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಸೋಸಿದ ಗಾಳಿ ಬೀಸುವ ಹುಡ್‌ನಲ್ಲಿ ಕೆಲಸ ಮಾಡುವಾಗ ಕರೆಂಟು ಹೋದರೆ ತಕ್ಷಣ ಪ್ಲೇಟಿನ ಮುಚ್ಚಳ ಹಾಕಿ ಎತ್ತಿಡಿ, ಫ್ಯಾನ್ ನಿಂತ ಹುಡ್ ಸುಮ್ನೆ ಒಂದು ಪೆಟ್ಟಿಗೆ ಅಷ್ಟೇ.

ಕೋಶಗಳ ಸ್ಟಾಕ್ ಇರುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಲು ಪಶು ಡಾಕ್ಟರು ತರುವ ಕ್ಯಾನ್ ನೋಡಿದ್ದೀರಲ್ಲ, ಅದೇ. ಮಟ್ಟ ಎಷ್ಟಿದೆ ಅಂತ ವಾರಕ್ಕೆರಡು ಸಲ ಕೋಲು ಇಳಿಸಿ ನೋಡಿ, ಪುಸ್ತಕದಲ್ಲಿ ಬರೆಯಿರಿ. ಗ್ರೋತ್ ಫ್ಯಾಕ್ಟರುಗಳನ್ನು ಡ್ರೈ ಐಸಿನಲ್ಲಿ ತರಿಸುವಾಗ ಸೋಮವಾರ ಹೊರಡುವ ಹಾಗೆ ಆರ್ಡರ್ ಮಾಡಿ. ನಮಗೆ ಒಂದು ಸಲ ಶುಕ್ರವಾರ ಹೊರಟ ಪಾರ್ಸೆಲ್ ಭಾನುವಾರವೆಲ್ಲ ಗೋಡೌನಿನಲ್ಲಿ ಕೂತು ಬಂತು. ತೆಗೆದರೆ ಐಸು ಆವಿಯಾಗಿ ಹೋಗಿ ಡಬ್ಬ ಬೆಚ್ಚಗಿತ್ತು. ಬಂದ ಕೂಡಲೇ ಒಂದೊಂದು ಪ್ರಯೋಗಕ್ಕೆ ಆಗುವಷ್ಟೇ ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 80ಕ್ಕೆ ಇಡಿ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಶಕ್ತಿ ಹೋಗುತ್ತದೆ.

ಕಾಲೊನಿ ನೋಡುವ ಕಣ್ಣು

ಕೋಶ ಕೂರಲು ಪ್ಲೇಟಿಗೆ ಮ್ಯಾಟ್ರಿಜೆಲ್ ಅನ್ನುವ ಪ್ರೋಟೀನ್ ಜೆಲ್ಲಿನ ಲೇಪ ಬೇಕು. ಇದು ಕೊಬ್ಬರಿ ಎಣ್ಣೆಗೆ ಉಲ್ಟಾ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಇದು ಬಿಸಿಗೆ. ರಾತ್ರಿಯಿಡೀ ಫ್ರಿಜ್ಜಿನೊಳಗೆ ಐಸಿನಲ್ಲಿಟ್ಟು ಕರಗಿಸಿ, ತಣ್ಣಗಿನ ಟಿಪ್, ತಣ್ಣಗಿನ ಟ್ಯೂಬ್ ಬಳಸಿ. ಮೇಜಿನ ಮೇಲೆ ಎರಡು ನಿಮಿಷ ಮರೆತರೂ ಗಂಟು ಗಂಟಾಗುತ್ತದೆ.

ಮೀಡಿಯಾವನ್ನು ದಿನಾ ಬದಲಿಸಬೇಕು. ಅದರಲ್ಲಿರುವ ಗ್ರೋತ್ ಫ್ಯಾಕ್ಟರ್ ಬೇಸಿಕ್ ಎಫ್‌ಜಿಎಫ್ 37 ಡಿಗ್ರಿಯಲ್ಲಿ ಬೇಗ ಕೆಡುತ್ತದೆ, ಅದಿಲ್ಲದಿದ್ದರೆ ಕೋಶ ಎಳೆಯದಾಗಿ ಉಳಿಯುವುದಿಲ್ಲ.

ಈಗ ಮುಖ್ಯವಾದದ್ದು. ಮೈಕ್ರೋಸ್ಕೋಪಿನಲ್ಲಿ ಒಳ್ಳೆಯ ಕಾಲೊನಿ, ಅಂದರೆ ಒಟ್ಟಾಗಿ ಬೆಳೆದ ಕೋಶಗಳ ಗುಂಪು, ಹೇಗಿರುತ್ತದೆ? ಚಪ್ಪಟೆಯಾಗಿ, ಒತ್ತೊತ್ತಾಗಿ, ಅಂಚು ಕತ್ತರಿಸಿಟ್ಟ ಹಾಗೆ ನೀಟಾಗಿ ಹೊಳೆಯುತ್ತಿರುತ್ತದೆ. ಒಂದೊಂದು ಕೋಶದ ತುಂಬ ದೊಡ್ಡ ನ್ಯೂಕ್ಲಿಯಸ್, ಅದರೊಳಗೆ ಎದ್ದು ಕಾಣುವ ಒಂದೆರಡು ಚುಕ್ಕಿ. ಕೆಟ್ಟ ಕಾಲೊನಿಯ ಅಂಚಿನಲ್ಲಿ ಕೋಶಗಳು ಉದ್ದುದ್ದ ಚಾಚಿಕೊಂಡಿರುತ್ತವೆ, ಮಧ್ಯೆ ಸಡಿಲವಾಗಿ ಕಲ್ಲು ಹಾಸಿದ ಹಾಗೆ ಹರಡಿರುತ್ತವೆ, ಇಲ್ಲಾಂದ್ರೆ ನಡುವೆ ಕಂದು ಬಣ್ಣದ ಗುಡ್ಡೆ ಎದ್ದಿರುತ್ತದೆ. ಅವು ಆಗಲೇ ಬೇರೆ ಏನೋ ಆಗಲು ಹೊರಟಿವೆ. ಅವನ್ನು ರಕ್ತದ ಕಡೆ ತಿರುಗಿಸಲು ಆಗುವುದಿಲ್ಲ. ಅಂಥ ಜಾಗವನ್ನು ಹುಡ್ ಒಳಗೆ ಟಿಪ್‌ನಿಂದ ಕೆರೆದು ತೆಗೆಯಿರಿ. ಪ್ಲೇಟಿನಲ್ಲಿ ನೂರಕ್ಕೆ ಐದರಷ್ಟಕ್ಕಿಂತ ಹೆಚ್ಚು ಜಾಗ ಹಾಗೆ ಕಂಡರೆ ನಾನು ಆ ಪ್ಲೇಟಿನಿಂದ ರಕ್ತದ ಪ್ರಯೋಗ ಶುರು ಮಾಡುವುದಿಲ್ಲ, ಎಷ್ಟೇ ಅರ್ಜೆಂಟ್ ಇರಲಿ. ಹೊಸ ವಯಲ್ (ಫ್ರೀಜ್ ಮಾಡಿದ ಕೋಶದ ಸಣ್ಣ ಶೀಶೆ) ಕರಗಿಸಿದ ಮೇಲೆ ಕನಿಷ್ಠ ಎರಡು ಮೂರು ಸಲ ಸ್ಪ್ಲಿಟ್ ಮಾಡಿ, ಅಂದರೆ ಬಿಡಿಸಿ ಹೊಸ ಪ್ಲೇಟಿಗೆ ಹಂಚಿ, ಕೋಶ ನೆಲೆ ನಿಂತ ಮೇಲೇ ಮುಂದಿನ ಮಾತು.

ತುಂಬಾ ಚೆನ್ನಾಗಿ, ಬೇಗ ಬೇಗ ಬೆಳೆಯುವ ಕೋಶ ಕಂಡರೂ ಅನುಮಾನ ಇರಲಿ. ತಿಂಗಳುಗಟ್ಟಲೆ ಬೆಳೆಸಿದರೆ ಕ್ರೋಮೊಸೋಮ್ ಕೆಡುತ್ತದೆ. 20ನೇ ಕ್ರೋಮೊಸೋಮಿನ ಒಂದು ತುಂಡು ಹೆಚ್ಚಾಗುವುದು, 12 ಅಥವಾ 17ನೆಯದು ಒಂದು ಪ್ರತಿ ಜಾಸ್ತಿ ಆಗುವುದು ಎಲ್ಲ ಲ್ಯಾಬುಗಳಲ್ಲೂ ಕಾಣುವಂಥದ್ದು. ಅಂಥ ಕೋಶ ಉಳಿದವನ್ನು ಹಿಂದೆ ಹಾಕಿ ಪ್ಲೇಟ್ ತುಂಬಿಬಿಡುತ್ತದೆ. ಅದಕ್ಕೇ ಶುರುವಿನಲ್ಲೇ ಕಡಿಮೆ ಪ್ಯಾಸೇಜಿನ, ಅಂದರೆ ಕಡಿಮೆ ಸಲ ಸ್ಪ್ಲಿಟ್ ಮಾಡಿದ, ಇಪ್ಪತ್ತು ವಯಲ್ ಫ್ರೀಜ್ ಮಾಡಿಟ್ಟು, ಹತ್ತು ಹದಿನೈದು ಪ್ಯಾಸೇಜಿಗೊಮ್ಮೆ ಹೊಸದನ್ನು ತೆಗೆಯುವುದು ಒಳ್ಳೆಯದು.

ಶುಕ್ರವಾರ ಶುರು ಮಾಡಿ

ನಾವು 12 ಗುಳಿಯ ಪ್ಲೇಟಿನಲ್ಲಿ, ಸೀರಂ (ರಕ್ತದ ತಿಳಿ) ಇಲ್ಲದ ಮೀಡಿಯಾದಲ್ಲಿ, 12 ದಿನದ ಕ್ರಮ ಅನುಸರಿಸುತ್ತೇವೆ. ಶುಕ್ರವಾರ ಕೋಶ ಹಾಕಿದರೆ ಶನಿವಾರ ಸೊನ್ನೆ ದಿನ. ಆಗ ಮೀಡಿಯಾ ಬದಲಿಸುವ 2, 3, 5, 7, 10ನೇ ದಿನಗಳೂ ಕೊಯ್ಲಿನ 12ನೇ ದಿನವೂ ಒಂದೂ ಭಾನುವಾರ ಬೀಳುವುದಿಲ್ಲ. ಊರಿಂದ ಬಸ್ಸಿನಲ್ಲಿ ಓಡಾಡುವ ಮಕ್ಕಳಿಗೆ ಇದು ದೊಡ್ಡ ಅನುಕೂಲ.

ಶುಕ್ರವಾರ: ಕಾಲೊನಿ ತೊಳೆದು ಕೋಶದ ಅಂಟು ಬಿಡಿಸುವ 0.5 ಮಿಲಿಮೋಲಾರ್ ಇಡಿಟಿಎ ಹಾಕಿ ನಾಲ್ಕೈದು ನಿಮಿಷ ಬಿಡಿ. ಕೋಶಗಳ ಮಧ್ಯೆ ಸಣ್ಣ ಬಿರುಕು ಕಂಡು ಅಂಚು ಸುರುಳಿಯಾಗಲು ಶುರುವಾದರೆ ಇಡಿಟಿಎ ತೆಗೆದು ಮೀಡಿಯಾ ಹಾಕಿ ಮೆಲ್ಲಗೆ ಬಿಡಿಸಿ. ಬೇಕಾದದ್ದು ಒಂಟಿ ಕೋಶ ಅಲ್ಲ, 100ರಿಂದ 200 ಮೈಕ್ರಾನಿನ ಸಣ್ಣ ಗುಂಪು, ಬರಿಗಣ್ಣಿಗೆ ಚಿರೋಟಿ ರವೆಯ ಪುಡಿಯ ಹಾಗೆ. ಮೂರು ನಾಲ್ಕು ಸಲಕ್ಕಿಂತ ಜಾಸ್ತಿ ಪಿಪೆಟ್ ಆಡಿಸಿದರೆ ಪುಡಿಪುಡಿಯಾಗುತ್ತದೆ. 5 ಮೈಕ್ರೋಲೀಟರ್ ತೆಗೆದು ಅದರಲ್ಲಿ ಎಷ್ಟು ಗುಂಪಿದೆ ಅಂತ ಎಣಿಸಿ. ಮರುದಿನ ಒಂದು ಗುಳಿಯಲ್ಲಿ 16ರಿಂದ 40 ಕಾಲೊನಿ ಅಂಟಿ ಕೂತಿರಬೇಕು. ಹಾಕಿದ್ದೆಲ್ಲ ಅಂಟುವುದಿಲ್ಲ, ಹಾಗಾಗಿ ಬೇಕಾದದ್ದರ ಎರಡರಷ್ಟು ಹಾಕುತ್ತೇವೆ. ಒಂದೇ ಲೆಕ್ಕ ನಂಬಬೇಡಿ, ಮೂರು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ. ಹಾಕಿದ ಮೇಲೆ ಪ್ಲೇಟನ್ನು ಹಿಂದೆ ಮುಂದೆ, ಎಡ ಬಲ ಅಲ್ಲಾಡಿಸಿ. ಗಂಜಿ ಬಟ್ಟಲು ತಿರುಗಿಸಿದ ಹಾಗೆ ತಿರುಗಿಸಿದರೆ ಎಲ್ಲ ನಡುವಿಗೆ ಬಂದು ಗುಡ್ಡೆಯಾಗುತ್ತದೆ.

ಶನಿವಾರ ಬೆಳಿಗ್ಗೆ ಎಣಿಸಿ. ಹತ್ತಕ್ಕಿಂತ ಕಡಿಮೆ ಇರುವ ಗುಳಿಗೂ ಅರವತ್ತು ದಾಟಿದ ಗುಳಿಗೂ ದುಬಾರಿ ಮೀಡಿಯಾ ಹಾಕಬೇಡಿ. ಕಡಿಮೆ ಇದ್ದರೆ ಸಾಯುತ್ತವೆ. ಜಾಸ್ತಿ ಇದ್ದರೆ ಒಂದಕ್ಕೊಂದು ಕೂಡಿ ದಪ್ಪ ಹಾಸಾಗಿ ರಕ್ತ ಬರುವುದಿಲ್ಲ. ಉಳಿದವಕ್ಕೆ ಮೊದಲ ಹಂತದ ಮೀಡಿಯಾ, ಅದರಲ್ಲಿರುವ ಗ್ರೋತ್ ಫ್ಯಾಕ್ಟರುಗಳು ಇವು: ಬಿಎಂಪಿ4, ವಿಇಜಿಎಫ್, ಬೇಸಿಕ್ ಎಫ್‌ಜಿಎಫ್, ಕೆಲವು ಕ್ರಮಗಳಲ್ಲಿ ಆಕ್ಟಿವಿನ್. ಇವು ಕೋಶವನ್ನು ಮೆಸೋಡರ್ಮ್ ಅನ್ನುವ ಪದರದ ಕಡೆ ತಿರುಗಿಸುತ್ತವೆ, ಭ್ರೂಣದಲ್ಲಿ ರಕ್ತವೂ ರಕ್ತನಾಳವೂ ಹುಟ್ಟುವುದು ಅಲ್ಲಿಂದಲೇ. ಎರಡನೇ ದಿನ ಅರ್ಧ ಬದಲಿಸಿ. ಈ ಮೂರು ದಿನ ಬಹಳಷ್ಟು ಕೋಶ ಸಾಯುತ್ತವೆ, ಕಾಲೊನಿ ಹರಡಿಕೊಂಡು ವಿಕಾರವಾಗಿ ಕಾಣುತ್ತದೆ. ಹೆದರಬೇಡಿ, ಅದು ಹಾಗೇ.

ಮೂರನೇ ದಿನ ಪೂರ್ತಿ ಬದಲಿಸಿ ಎರಡನೇ ಹಂತದ ಮೀಡಿಯಾ. ಇದರಲ್ಲಿ ವಿಇಜಿಎಫ್ ಜೊತೆ ಎಸ್‌ಸಿಎಫ್, ಟಿಪಿಒ, ಫ್ಲಿಟ್3 ಲೈಗ್ಯಾಂಡ್‌ನಂಥ ರಕ್ತದ ಫ್ಯಾಕ್ಟರುಗಳು ಇರುತ್ತವೆ. ಐದನೇ ದಿನದ ಹೊತ್ತಿಗೆ ಕಾಲೊನಿಯ ಸುತ್ತ ಚಪ್ಪಟೆ ಕೋಶಗಳು ಹಂಚು ಜೋಡಿಸಿದ ಹಾಗೆ ಹರಡಿರುತ್ತವೆ. ಇವು ರಕ್ತನಾಳದ ಒಳಗೋಡೆಯ ಜಾತಿಯವು. ಏಳು ಎಂಟನೇ ದಿನ ನೋಡಬೇಕು! ಚಪ್ಪಟೆಯಾಗಿ ಮಲಗಿದ್ದ ಕೋಶ ಮೆಲ್ಲಗೆ ಉಬ್ಬಿ, ಗುಂಡಗಾಗಿ, ಗೋಡೆ ಬಿಟ್ಟು ಮೇಲೆ ಬರುತ್ತದೆ. ಭ್ರೂಣದಲ್ಲಿ ಮಹಾಪಧಮನಿಯ ಗೋಡೆಯಿಂದ ರಕ್ತದ ಸ್ಟೆಮ್ ಸೆಲ್ ಹುಟ್ಟುವುದೂ ಹೀಗೇ. ಎಷ್ಟು ಸಲ ನೋಡಿದ್ದರೂ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಐದು, ಏಳು, ಹತ್ತನೇ ದಿನ ಅರ್ಧ ಮೀಡಿಯಾ ಮಾತ್ರ ಬದಲಿಸಬೇಕು, ಪ್ಲೇಟ್ ಓರೆ ಮಾಡದೆ, ಮೇಲ್ಭಾಗದಿಂದ, ನಿಧಾನವಾಗಿ. ಯಾಕೆಂದರೆ ಈಗ ನಿಮಗೆ ಬೇಕಾದ ಕೋಶ ತಳದಲ್ಲಿಲ್ಲ, ಮೀಡಿಯಾದಲ್ಲಿ ತೇಲುತ್ತಿದೆ. ನಾನು ಕಲಿಯುತ್ತಿದ್ದ ಕಾಲಕ್ಕೆ ಹತ್ತನೇ ದಿನ ಸಂಜೆ, ದಿನಾ ಐಪಿಎಸ್ ಪ್ಲೇಟಿಗೆ ಮಾಡುವ ಅಭ್ಯಾಸದಲ್ಲಿ ವ್ಯಾಕ್ಯೂಮಿನಿಂದ ಆರು ಗುಳಿಯ ಮೀಡಿಯಾ ಪೂರ್ತಿ ಎಳೆದುಬಿಟ್ಟೆ. ಏಳನೇ ಗುಳಿಗೆ ಹೋಗುವಾಗ ಕೈ ನಿಂತಿತು. ಹತ್ತು ದಿನದ ರಕ್ತ ಬ್ಲೀಚ್ ಬಾಟಲಿಗೆ ಹೋಗಿತ್ತು. ಅವತ್ತಿಂದ ಐದನೇ ದಿನ ಆದ ಕೂಡಲೇ ಪ್ಲೇಟಿನ ಮುಚ್ಚಳಕ್ಕೆ ಕೆಂಪು ಟೇಪ್ ಅಂಟಿಸುತ್ತೇನೆ, ವ್ಯಾಕ್ಯೂಮ್ ಆ ಕಡೆಗೆ ತರುವುದೇ ಇಲ್ಲ. ತೆಗೆದ ಅರ್ಧ ಮೀಡಿಯಾವನ್ನೂ ಸೆಂಟ್ರಿಫ್ಯೂಜಿನಲ್ಲಿ 300 ಜಿ ಬಲದಲ್ಲಿ ಐದು ನಿಮಿಷ ತಿರುಗಿಸಿ, ತಳಕ್ಕೆ ಕೂತ ಕೋಶವನ್ನು ಹೊಸ ಮೀಡಿಯಾದಲ್ಲಿ ವಾಪಸ್ ಹಾಕುತ್ತೇನೆ.

ಇದು ರಕ್ತವೇ ಅಂತ ಹೇಗೆ ಗೊತ್ತಾಗುತ್ತದೆ

12ನೇ ದಿನ, ಗುರುವಾರ, ಮೆಲ್ಲಗೆ ಪಿಪೆಟ್ ಆಡಿಸಿ ತೇಲುವ ಕೋಶ ತೆಗೆಯಿರಿ. ತೇಲುವುದೆಲ್ಲ ರಕ್ತ ಅಲ್ಲ, ಸತ್ತ ಕೋಶವೂ ತೇಲುತ್ತದೆ. ಸತ್ತ ಕೋಶಕ್ಕೆ ಮಾತ್ರ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಿ. ಆಮೇಲೆ ಕೋಶಗಳನ್ನು ಒಂದೊಂದಾಗಿ ನೋಡುವ ಮೆಷಿನ್ ಫ್ಲೋ ಸೈಟೋಮೀಟರಿನಲ್ಲಿ ಕೋಶದ ಮೇಲಿನ ಗುರುತಿನ ಪ್ರೋಟೀನುಗಳಾದ ಸಿಡಿ34, ಸಿಡಿ43, ಸಿಡಿ45 ಮೂರನ್ನೂ ನೋಡಿ. ಬರೀ ಸಿಡಿ34 ನೋಡಿ ಖುಷಿಪಡಬೇಡಿ, ಅದು ರಕ್ತನಾಳದ ಕೋಶದ ಮೇಲೂ ಇರುತ್ತದೆ. ಜೊತೆಗೆ ಸಿಡಿ43 ಇದ್ದರೆ ರಕ್ತದ ದಾರಿ ಹಿಡಿದಿದೆ ಅಂತ ಅರ್ಥ. ಹತ್ತಿರ ಮೆಷಿನ್ ಇಲ್ಲದಿದ್ದರೆ ಇಲ್ಲೇ ಬಣ್ಣ ಹಾಕಿ, ಫಿಕ್ಸ್ ಮಾಡಿ (ಕೆಡದಂತೆ ರಾಸಾಯನಿಕ ಹಾಕಿ), ಟ್ಯೂಬಿಗೆ ಫಾಯಿಲ್ ಸುತ್ತಿ, ಐಸ್‌ಪ್ಯಾಕಿನಲ್ಲಿಟ್ಟು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಒಯ್ಯಬಹುದು. ಸತ್ತ ಕೋಶ ಗುರುತಿಸುವ ಬಣ್ಣ ಫಿಕ್ಸ್ ಆದ ಮೇಲೂ ನಿಲ್ಲುವಂಥದ್ದಾಗಿರಲಿ, ಅದನ್ನು ಫಿಕ್ಸ್ ಮಾಡುವ ಮೊದಲೇ ಹಾಕಿ.

ಥಲಸ್ಸೇಮಿಯಾ ಮೇಲೆ ಪ್ರಾಜೆಕ್ಟ್ ಮಾಡುವ ಆಸೆ ಇರುವವರು ಇದನ್ನು ಮೊದಲೇ ತಿಳಿದಿರಿ. ಈ ದಾರಿಯಲ್ಲಿ ಬರುವ ಕೆಂಪು ಕೋಶ ಬಹುಪಾಲು ಭ್ರೂಣದ, ಹುಟ್ಟುವ ಮೊದಲಿನ ಬಗೆಯ ಹಿಮೋಗ್ಲೋಬಿನ್ನನ್ನೇ ಮಾಡುತ್ತದೆ. ದೊಡ್ಡವರ ಹಿಮೋಗ್ಲೋಬಿನ್ನಿನ ಭಾಗವಾದ ಬೀಟಾ ಗ್ಲೋಬಿನ್ ತೀರಾ ಕಡಿಮೆ. ಬೀಟಾ ಥಲಸ್ಸೇಮಿಯಾದಲ್ಲಿ ಕೆಟ್ಟಿರುವುದೇ ಬೀಟಾ, ಹಾಗಾಗಿ ರೋಗ ಪ್ಲೇಟಿನಲ್ಲಿ ಕಾಣದೇ ಹೋಗಬಹುದು. ಬಲಿತ ಕೆಂಪುರಕ್ತಕಣದ ಹಾಗೆ ನ್ಯೂಕ್ಲಿಯಸ್ ಹೊರಹಾಕುವ ಕೋಶಗಳೂ ಕಡಿಮೆಯೇ. ದೇಹದಲ್ಲಿ ನೆಲೆ ನಿಂತು ಎಲ್ಲ ಬಗೆಯ ರಕ್ತ ಕೊಡುವ ನಿಜವಾದ ರಕ್ತದ ಸ್ಟೆಮ್ ಸೆಲ್ ಮಾಡುವುದು ಇನ್ನೂ ಕಷ್ಟ. ಮೆಲ್ಬರ್ನಿನ ಮರ್ಡಾಕ್ ಮಕ್ಕಳ ಸಂಶೋಧನಾ ಸಂಸ್ಥೆಯವರು ಇಲಿಗಳಲ್ಲಿ ನೆಲೆ ನಿಲ್ಲುವಂಥದ್ದನ್ನು ಮಾಡಿ 2024ರಲ್ಲಿ ಪ್ರಕಟಿಸಿದರು.

ಪ್ಲೇಟ್‌ಲೆಟ್ ಬೇಕಿದ್ದರೆ ಕೊಯ್ದ ಕೋಶವನ್ನು ಟಿಪಿಒ ಜಾಸ್ತಿ ಇರುವ ಮೀಡಿಯಾಕ್ಕೆ ಹಾಕಿ, ಪ್ಲೇಟ್‌ಲೆಟ್ ಕೊಡುವ ದೊಡ್ಡ ಕೋಶ ಮೆಗಾಕ್ಯಾರಿಯೋಸೈಟ್ ಮಾಡಬೇಕು. ರೋಗಾಣು ನುಂಗುವ ಮ್ಯಾಕ್ರೋಫೇಜ್ ಬೇಕಿದ್ದರೆ ಬೇರೆಯೇ ದಾರಿ ಸುಲಭ. ಐಪಿಎಸ್ ಕೋಶವನ್ನು ಸಣ್ಣ ಉಂಡೆ ಕಟ್ಟಿಸಿ, ಆಮೇಲೆ ಗ್ರೋತ್ ಫ್ಯಾಕ್ಟರುಗಳಾದ ಎಂ-ಸಿಎಸ್‌ಎಫ್ 100 ನ್ಯಾನೋಗ್ರಾಂ, ಐಎಲ್-3 25 ನ್ಯಾನೋಗ್ರಾಂ ಒಂದು ಮಿಲಿಗೆ ಇರುವ ಹಾಗೆ ಫ್ಲಾಸ್ಕಿನಲ್ಲಿ ಬಿಟ್ಟರೆ ಮೂರು ನಾಲ್ಕು ವಾರದ ನಂತರ ಮ್ಯಾಕ್ರೋಫೇಜ್ ಆಗಬಲ್ಲ ಮೊನೋಸೈಟ್ ತೇಲಿ ಬರಲು ಶುರುವಾಗುತ್ತದೆ. ಅದೇ ಫ್ಲಾಸ್ಕಿನಿಂದ ವಾರ ವಾರ, ಕರೆಯುವ ಹಸುವಿನ ಹಾಗೆ, ತಿಂಗಳುಗಟ್ಟಲೆ ತೆಗೆಯಬಹುದು. ಸೋಂಕಿನ ಬಗ್ಗೆ ಓದುವವರಿಗೆ ನಾನು ಇದನ್ನೇ ಹೇಳುವುದು.

ಕಡೆಯ ಪರೀಕ್ಷೆ ಮೀಥೈಲ್ ಸೆಲ್ಯುಲೋಸ್ ಅನ್ನುವ ಮೀಡಿಯಾದಲ್ಲಿ. ಜೇನಿನಷ್ಟು ಮಂದ ಇರುತ್ತದೆ, ಪಿಪೆಟ್ಟಿಗೆ ಬರುವುದಿಲ್ಲ, ದಪ್ಪ ಮೊಂಡು ಸೂಜಿಯ ಸಿರಿಂಜಿನಲ್ಲಿ ಎಳೆಯಿರಿ. ಅದರಲ್ಲಿ ಕೋಶ ಬೆರೆಸಿ 35 ಮಿಲಿಮೀಟರ್ ಡಿಶ್ಶಿಗೆ ಹಾಕಿ, ಒಣಗದಂತೆ ಪಕ್ಕದಲ್ಲಿ ನೀರಿನ ಡಿಶ್ ಇಟ್ಟು, 14 ದಿನ ಅಲ್ಲಾಡಿಸದೆ ಬಿಡಿ. ಒಂದೊಂದು ಕೋಶದಿಂದ ಒಂದೊಂದು ಗುಂಪು ಹುಟ್ಟುತ್ತದೆ. ಬಿಳಿ ಹರಡಿದ ಗುಂಪು ಬಿಳಿರಕ್ತಕಣದ್ದು. ಕೆಂಪಗೆ, ರಾಗಿ ಕಾಳಿಗಿಂತ ಚಿಕ್ಕದಾಗಿ, ಬರಿಗಣ್ಣಿಗೂ ಚುಕ್ಕಿಯಾಗಿ ಕಾಣುವುದು ಕೆಂಪುರಕ್ತಕಣದ್ದು, ಆ ಬಣ್ಣ ಹಿಮೋಗ್ಲೋಬಿನ್ನಿನದೇ. ಎಣಿಸುವ ಮೊದಲು ಎಲ್ಲ ಡಿಶ್ಶಿನದ್ದೂ ಫೋಟೋ ತೆಗೆದಿಡಿ, ಮತ್ತೆ ಆ ಫೋಟೋದ ಪಕ್ಕದಲ್ಲೇ ಶುಕ್ರವಾರ ಸ್ಪ್ಲಿಟ್ ಮಾಡುವ ಮುಂಚೆ ತೆಗೆದ ಕಾಲೊನಿಯ ಫೋಟೋ ಅಂಟಿಸಿ. ಐದಾರು ಸಲ ಮಾಡಿದ ಮೇಲೆ ಆ ಪುಟಗಳನ್ನು ತಿರುವಿ ನೋಡಿದರೆ ಎಂಥ ಕಾಲೊನಿಯಿಂದ ಎಷ್ಟು ಕೆಂಪು ಚುಕ್ಕಿ ಬಂತು ಅಂತ ನಿಮಗೇ ಕಾಣುತ್ತದೆ.